ನೀನು ಗುಡಿಸಿದ ಗೂಡನ್ನು ಮತ್ತೆ ಗುಡಿಸಿದ್ದೇಕೆ

ಪ್ರೀತಿಯ ನಿಲ್ದಾ,

ಈ ಮಾತನ್ನು ಹೇಳದೆಯೇ ಬಿಟ್ಟುಬಿಡುವವಳಿದ್ದೆ. ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾರೂ ನನ್ನನ್ನು ಕೇಳುತ್ತಲೂ ಇರಲಿಲ್ಲ. ನಮ್ಮ ಗಿನಿ ಇಲಿಗಳು ನಿನ್ನ ಹೆಜ್ಜೆಗೆ ಸಿಳ್ಳೆ ಹಾಕುತ್ತಿದ್ದವು. ನನ್ನ ಹೆಜ್ಜೆಗಲ್ಲ, ನಿನ್ನದಕ್ಕೆ. ಕಾರ್ನಿವಲ್ ಹಬ್ಬಕ್ಕೂ ಮೊದಲೇ ಅದು ಶುರುವಾಗಿತ್ತು. ನಾನು ಕೇಳಿಸಿಕೊಂಡೆ, ಸುಮ್ಮನಿದ್ದೆ.

ಈ ಮನೆಯಲ್ಲಿ ಅದರ ಅರ್ಥವೇನೆಂದು ನಿನಗೆ ಗೊತ್ತಿರಲಿಲ್ಲ. ಗೊತ್ತಾಗಲೂಬಾರದು ಎಂಬುದೇ ಕಟ್ಟಳೆ. ಮದುವೆಗೆ ಮೊದಲಿನ ಒಗ್ಗುವ ವರ್ಷಕ್ಕೆಂದು ಹುಡುಗನ ಮನೆಗೆ ಬಂದ ಹುಡುಗಿಗೆ ಮೊದಲ ದಿನವೇ ಗಿನಿ ಇಲಿಗಳ ಗೂಡು ಒಪ್ಪಿಸಿಬಿಡುವುದು ನಮ್ಮಲ್ಲಿ ನಡೆದುಬಂದದ್ದು. ಮೇವು ಅವಳದು, ನೀರು ಅವಳದು, ಗುಡಿಸುವುದೂ ಅವಳದೇ. ಅವಳು ಕಣ್ಣಿಗೆ ಬೀಳುವ ಮೊದಲೇ, ಬರೀ ಹೆಜ್ಜೆ ಕೇಳಿ ಅವು ಸಿಳ್ಳೆ ಹಾಕಿದರೆ ಮನೆ ಅವಳನ್ನು ಒಪ್ಪಿತು ಎಂದು ನನ್ನ ಅತ್ತೆ ಬೆನಿತಾ ಹೇಳುತ್ತಿದ್ದರು. ಆಮೇಲೆ ಮದುವೆಯ ಮಾತು ಎತ್ತಬೇಕಾದವಳು ಅತ್ತೆ. ಅಂದರೆ ನಾನು.

ನೀನು ಬಂದ ದಿನ ನೆನಪಿದೆ. ಎಲ್ಮರ್ ತನ್ನ ವ್ಯಾನಿನಿಂದ ನಿನ್ನ ಗಂಟು ಇಳಿಸಿ, "ಅಮ್ಮಾ, ಇವಳು ಬೆಟ್ಟದ ಮೇಲಿನ ಕತ್ಕಾದವಳು, ಚಳಿಗೆ ಹೆದರಲ್ಲ, ನಿನಗೂ ಹೆದರಲ್ಲ" ಎಂದ. ನೀನು ಅವನ ತೋಳು ಚಿವುಟಿ, "ಸುಳ್ಳು ಅತ್ತೆ, ಚಳಿಗೆ ಮಾತ್ರ ಹೆದರಲ್ಲ" ಎಂದೆ. ನನಗೆ ನಗು ಬಂತು. ಅದನ್ನು ಅಡಗಿಸಲು ಒಲೆಯ ಕಡೆ ತಿರುಗಿಕೊಂಡೆ. ಈಗ ಯೋಚಿಸಿದರೆ, ಆ ವರ್ಷವೆಲ್ಲ ನಾನು ಒಲೆಯ ಕಡೆಗೇ ತಿರುಗಿಕೊಂಡಿದ್ದೆ ಅನಿಸುತ್ತದೆ.

ನಿನ್ನ ಕೆಲಸದಲ್ಲಿ ಕೊರತೆ ಇರಲಿಲ್ಲ. ಇದನ್ನು ಬರೆದು ಕೊಡುತ್ತಿದ್ದೇನೆ. ಬೆಳಗ್ಗೆ ಮರಿಗಳನ್ನು ಬುಟ್ಟಿಗೆ ಹಾಕಿ, ಹಳೆ ಹುಲ್ಲನ್ನು ಚಾಪೆಯ ಹಾಗೆ ಸುತ್ತಿ ತೆಗೆಯುತ್ತಿದ್ದೆ. ಹಿಕ್ಕೆಯೆಲ್ಲ ಜೋಳದ ಹೊಲಕ್ಕೆ. ಅವು ಸದಾ ಒದ್ದೆ ಮಾಡುವ ಆ ಒಂದು ಮೂಲೆಯಲ್ಲಿ ಸುಣ್ಣದ ಹಾಗೆ ಕಟ್ಟುವ ಬಿಳಿ ಪದರವನ್ನು ಹುಳಿ ಬಂದ ಜೋಳದ ಚಿಚಾ ಹೆಂಡ ಹಾಕಿ ನೆನೆಸಿ, ಹಳೆ ಚಮಚದಲ್ಲಿ ಕೆರೆಯುತ್ತಿದ್ದೆ. ಹಲಗೆ ಪೂರ್ತಿ ಒಣಗುವ ತನಕ ಹೊಸ ಹುಲ್ಲು ಹಾಸುತ್ತಿರಲಿಲ್ಲ. ಚಿಗಟ ಹತ್ತದಿರಲೆಂದು ಹುಲ್ಲಿನ ಕೆಳಗೆ ಮುನ್ಯ ಸೊಪ್ಪು ಇಡುತ್ತಿದ್ದೆ. ದೊಡ್ಡ ಕೆಂಪು ಗಂಡಿಗೆ ಮೇಯರ್ ಎಂದು ಹೆಸರಿಟ್ಟಿದ್ದೆಯಲ್ಲ, ಅದನ್ನು ನೀನು ಬೈಯುವುದು ಅಂಗಳದವರೆಗೂ ಕೇಳುತ್ತಿತ್ತು. "ಏನ್ ಮೇಯರ್ರೇ, ನಾಲ್ಕು ಜನ ಹೆಂಡ್ರನ್ನ ಇಟ್ಕೊಂಡು ಮೂಲೆ ಒದ್ದೆ ಮಾಡೋದೊಂದೇ ನಿಮ್ಮ ಆಡಳಿತಾನಾ? ಸರೀರಿ ಆಕಡೆ, ಓಟು ಹಾಕಿದೋರು ಗುಡಿಸ್ಬೇಕು!" ನಾನು ಅಂಗಳದಲ್ಲಿ ಜೋಳ ಬಿಡಿಸುತ್ತ, ಒಂದೇ ತೆನೆಯನ್ನು ಹಿಡಿದು ಕೂತಿರುತ್ತಿದ್ದೆ.

ನೆರೆಮನೆಯ ಗ್ರೆಗೋರಿಯಾ ಬಂದ ದಿನದ ಮಾತನ್ನು ನೀನು ಕೇಳಿಸಿಕೊಂಡೆ ಎಂದು ನನಗೆ ಆಗಲೇ ಗೊತ್ತಾಯಿತು. ಅವಳು ಗೂಡಿನೊಳಗೆ ಮೂಗು ತೂರಿಸಿ, "ಏನೇ ಒಲಿಂಪಿಯಾ, ನಿನ್ನ ಸೊಸೆ ಗುಡಿಸಿದ ಜಾಗದಲ್ಲಿ ಪಾದ್ರೀನ ಮಲಗಿಸಬಹುದಲ್ಲೇ! ನಿನ್ನ ಕಾಲದಲ್ಲಿ ಗೋಡೆ ಆಚೆಗೇ ನಾತ ಹೊಡೀತಿತ್ತು" ಎಂದಳು. ನಾನು, "ನೋಡೋಣ ಬಿಡು, ವರ್ಷ ಇನ್ನೂ ಮುಗಿದಿಲ್ಲ" ಎಂದೆ. ವರ್ಷ ಮುಗಿಯುವ ತನಕ ಹುಡುಗಿಯನ್ನು ನಾಲ್ಕು ಜನರ ಎದುರು ಹೊಗಳಬಾರದು. ಹೊಗಳಿದರೆ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದ ಹಾಗೆ ಎನ್ನುತ್ತಾರೆ. ಗ್ರೆಗೋರಿಯಾಳಿಗೆ ಅದು ಅರ್ಥವಾಯಿತು. ಮೇಲಿನ ಊರಿನಿಂದ ಬಂದ ನಿನಗೆ ಹೇಗೆ ಆಗಬೇಕು? ನಿಮ್ಮಲ್ಲಿ ಹೊಗಳದಿದ್ದರೆ ಬೇಡ ಎಂದೇ ಅರ್ಥವಂತೆ. ಇದನ್ನು ನಾನು ತಿಳಿದುಕೊಂಡದ್ದು ನೀನು ಹೋದ ಮೇಲೆ.

ಇನ್ನು ಪೊರಕೆಯ ವಿಷಯ. ನೀನು ಗುಡಿಸಿ ಹೊರಗೆ ಹೋದ ಮೇಲೆ ನಾನು ದಿನವೂ ಗೂಡಿನ ಕೋಣೆಯೊಳಗೆ ಹೋಗಿ ಮತ್ತೆ ಗುಡಿಸುತ್ತಿದ್ದೆ. ನೀನು ಬಾಗಿಲಲ್ಲಿ ನಿಂತು ನೋಡಿದ್ದೂ ಉಂಟು. ಒಮ್ಮೆ ಎಲ್ಮರ್‌ಗೆ, "ನಾನು ಎಷ್ಟೇ ತಿಕ್ಕಿದ್ರೂ ಅತ್ತೆ ಇನ್ನೊಂದ್ಸಲ ಗುಡಿಸ್ತಾರೆ. ನನ್ನ ಕೈಯಲ್ಲೇ ಕೊಳೆ ಇದೆ ಅಂದ್ಕೊಂಡಿದಾರೇನೋ" ಎಂದೆಯಂತೆ. ಅವನು, "ನೀವಿಬ್ರೂ ನೋಡ್ಕೊಳ್ರಪ್ಪ, ನನ್ನನ್ನ ಎಳೀಬೇಡಿ" ಎಂದನಂತೆ. ಒಳ್ಳೆಯವನು, ಆದರೆ ಮಾತು ಬೇಕಾದ ಕಡೆ ಅವನ ವ್ಯಾನು ನಿಲ್ಲುವುದಿಲ್ಲ. ಅದು ನನ್ನಿಂದಲೇ ಬಂದ ಗುಣವಿರಬೇಕು.

ಅಲ್ಲಿ ಗುಡಿಸಲು ಏನೂ ಇರುತ್ತಿರಲಿಲ್ಲ, ನಿಲ್ದಾ. ಒಂದು ಕಡ್ಡಿಯೂ ಇರುತ್ತಿರಲಿಲ್ಲ. ಎಲ್ಮರನ ಅಪ್ಪ ತೀರಿಕೊಂಡ ಮೇಲೆ, ಬೆಳಗ್ಗೆ ನಾನು ಎದ್ದು ಬಂದದ್ದನ್ನು ಗಮನಿಸಿ ಸದ್ದು ಮಾಡುತ್ತಿದ್ದ ಜೀವಗಳು ಅವೇ. ಅವು ನಿನ್ನ ಕಡೆಗೆ ವಾಲಿದಾಗ ನನಗೆ ಸಂತೋಷವಾಯಿತು. ಒಳಗೆ ಏನೋ ಕುಸಿದಂತೆಯೂ ಆಯಿತು. ಅಸೂಯೆ ಎನ್ನುತ್ತೀಯಾ? ಇರಬಹುದು, ಅಲ್ಲ ಎನ್ನಲಾರೆ. ಆದರೆ ಬರೀ ಅಸೂಯೆಯಾಗಿದ್ದರೆ ದೂರ ಉಳಿಯುತ್ತಿದ್ದೆ. ನಾನು ಒಳಗೆ ಹೋಗುತ್ತಿದ್ದದ್ದು ನೀನು ಆಗಷ್ಟೇ ನಕ್ಕು ಹೋದ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಲು. ಬರಿಗೈಯಲ್ಲಿ ನಿಲ್ಲಲು ನನಗೆ ಬರುವುದಿಲ್ಲ, ಅದಕ್ಕೇ ಪೊರಕೆ ಹಿಡಿಯುತ್ತಿದ್ದೆ. ಹಬ್ಬ ಕಳೆಯಲಿ, ಮಳೆ ನಿಲ್ಲಲಿ, ಆಮೇಲೆ ಹೇಳಿದರಾಯಿತು ಎಂದು ಮುಂದೂಡಿದೆ.

ನನ್ನ ಒಗ್ಗುವ ವರ್ಷದಲ್ಲಿ ಬೆನಿತಾ ಅತ್ತೆಯೂ ನನ್ನ ಹಿಂದೆ ಹೀಗೇ ಗುಡಿಸುತ್ತಿದ್ದರು. ಪೇಟೆಯ ಹುಡುಗಿ ಎಂಬ ತಾತ್ಸಾರ ಎಂದು ತಿಳಿದು, ಅವರು ಇರುವ ತನಕ ಅದನ್ನು ಮರೆಯಲಿಲ್ಲ. ಅವರಿಗೂ ಬೇರೆ ಕಾರಣ ಇತ್ತೇ? ಗೊತ್ತಿಲ್ಲ. ಇತ್ತು ಎಂದುಕೊಂಡರೆ ನನಗೆ ಅನುಕೂಲ, ಅಷ್ಟೇ. ಕುಸ್ಕೊ ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ನನಗೆ ಕ್ಷಮೆ ಕೇಳುವುದು, ಮೆಚ್ಚುಗೆ ಹೇಳುವುದು, ಎಲ್ಲವನ್ನೂ ಉರು ಹೊಡೆಸಿದ್ದರು. ಅವೆಲ್ಲ ಆ ಭಾಷೆಯಲ್ಲೇ ಉಳಿದುಬಿಟ್ಟವು. ಮನೆಯ ಮಾತಿನಲ್ಲಿ ನಾನು ಕಲಿತದ್ದು ತಾ, ಇಡು, ಒಲೆ ನೋಡು, ಬಾಗಿಲು ಹಾಕು.

ನೀನು ಹೊರಟ ಬೆಳಗ್ಗೆ ಗೂಡು ತೊಳೆದು, ಬುಟ್ಟಿ ಬೋರಲು ಹಾಕಿ, ಗಂಟು ಕಟ್ಟಿಕೊಂಡು ಬಂದೆ. "ಅತ್ತೆ, ನನ್ನ ಕೈ ನಿಮಗೆ ಸಾಲ್ಲಿಲ್ಲ. ಮೇವು ಬಾಡಿಸೋಕೆ ಹರಡಿದೀನಿ, ಹಸೀದು ಹಾಕ್ಬೇಡಿ, ಹೊಟ್ಟೆ ಉಬ್ಬುತ್ತೆ" ಎಂದೆ. ಒಗ್ಗುವ ವರ್ಷದಲ್ಲಿ ಹೊರಟು ನಿಂತವಳನ್ನು ತಡೆಯಬಾರದು. ಅವಳು ಸ್ವತಂತ್ರಳು ಎಂಬುದೇ ಆ ವರ್ಷದ ಮರ್ಯಾದೆ. ಅದನ್ನು ನಾನು ಮೀರಲಿಲ್ಲ. ಆದರೆ ತಡೆಯಬಾರದು ಎಂದಿದೆಯೇ ಹೊರತು ನಿಜ ಹೇಳಬಾರದು ಎಂದಿಲ್ಲ. ನಾನು ಹೇಳಿದ್ದು ಇಷ್ಟು: "ಚಳಿ ಇದೆ, ಶಾಲು ಹೊದ್ಕೋ." ಎಲ್ಮರನೇ ನಿನ್ನನ್ನು ವ್ಯಾನಿನಲ್ಲಿ ಬಿಟ್ಟು ಬಂದ. ಸಾರು ಬಡಿಸಿದೆ. ಕುಡಿದು ಎದ್ದ.

ಆಮೇಲೆ ಕೆಲವು ದಿನ ನಾನು ಒಳಗೆ ಹೋದರೆ ಅವು ಮೂಲೆಯಲ್ಲಿ ಒತ್ತಿಕೊಂಡು ಸುಮ್ಮನೆ ಕೂರುತ್ತಿದ್ದವು. ಈಗ ನನಗೂ ಸಿಳ್ಳೆ ಹಾಕುತ್ತವೆ. ಮೇವು ಹಾಕಿದವರ ಕಡೆಯ ಪ್ರಾಣಿಗಳು, ಅವಕ್ಕೇನು.

ಇಷ್ಟೆಲ್ಲ ನನ್ನೊಳಗೇ ಉಳಿಯುತ್ತಿತ್ತು. ಆದರೆ ಮೊನ್ನೆ ಗ್ರೆಗೋರಿಯಾ ಉರ್ಕೋಸ್ ಸಂತೆಯಿಂದ ಸುದ್ದಿ ತಂದಳು. ಸಂತ ಹ್ವಾನನ ಹಬ್ಬ ಮುಗಿದೊಡನೆ ನೀನು ಓರೊಪೆಸಾದ ಒಂದು ಮನೆಗೆ ಒಗ್ಗುವ ವರ್ಷಕ್ಕೆ ಹೋಗುತ್ತೀಯಂತೆ. ಸಂತೋಷ. ಅದರ ಜೊತೆಗೇ ನಿನ್ನ ಅಮ್ಮ ಆಡಿದ ಮಾತನ್ನೂ ತಂದಳು. "ಒಂದು ಮನೆ ಒಪ್ಪದೆ ಬಿಟ್ಟ ಹುಡುಗಿ. ಈ ಸಲನಾದ್ರೂ ಬಾಯಿ ಮುಚ್ಕೊಂಡು, ತಲೆ ತಗ್ಗಿಸ್ಕೊಂಡು ಬಾಳ್ಲಿ."

ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆ ನಿನ್ನನ್ನು ಒಪ್ಪದೆ ಬಿಡಲಿಲ್ಲ. ಒಪ್ಪಿತ್ತು. ಅದನ್ನು ಹೇಳಬೇಕಾದವಳು ಹೇಳಲಿಲ್ಲ. ಈ ಪತ್ರವನ್ನು ನಿನ್ನ ಅಮ್ಮನಿಗೆ ಓದಿ ಹೇಳು. ಬೇಕಾದರೆ ಓರೊಪೆಸಾದವರಿಗೂ ತೋರಿಸು, ನನಗೆ ನಾಚಿಕೆಯಿಲ್ಲ. ಅಲ್ಲಿನ ಅತ್ತೆ ಏನಾದರೂ ಮಾಡಿ, ಯಾಕೆಂದು ನಿನಗೆ ತಿಳಿಯದಿದ್ದರೆ ಮನಸ್ಸಿನಲ್ಲಿಟ್ಟು ಕೊರಗಬೇಡ. ಎದುರಿಗೇ ಕೇಳು. ಕೇಳಿದ್ದರೆ ನಾನೂ ಹೇಳಿಬಿಡುತ್ತಿದ್ದೆನೋ ಏನೋ. ಹೀಗೆ ಬರೆದು ಅರ್ಧ ಹೊಣೆಯನ್ನು ನಿನ್ನ ತಲೆಗೆ ಹಾಕುತ್ತಿದ್ದೇನೆಯೇ? ಹಾಗಾದರೆ ಆ ಸಾಲು ಬಿಟ್ಟು ಓದು.

ನೀನು ಕೈಯಾರೆ ಸಾಕಿದ ಮರಿಗಳು ದೊಡ್ಡವಾಗಿವೆ. ಒಂದು ಜೋಡಿ ಕಳಿಸೋಣವೆಂದು ಬುಟ್ಟಿಯನ್ನೂ ಇಳಿಸಿದ್ದೆ. ಆದರೆ ಗಂಡಿನ ಮನೆಯಿಂದ ಜೋಡಿ ಬಂದರೆ ಹುಡುಗಿಯನ್ನು ಕೇಳಿದ ಹಾಗೆ. ನಿನ್ನ ಅಮ್ಮ ಹಾಗೆಂದೇ ತಿಳಿಯುತ್ತಾಳೆ, ಓರೊಪೆಸಾದ ಮಾತು ಕೆಡುತ್ತದೆ. ಬುಟ್ಟಿಯನ್ನು ಮತ್ತೆ ಮೇಲಕ್ಕೆ ಇಟ್ಟೆ. ಈ ಕಾಗದದ ಜೊತೆ ಏನೂ ಇಲ್ಲ, ನಿಲ್ದಾ. ಏನನ್ನೂ ಕೇಳುತ್ತಿಲ್ಲ.

ನೀನು ಹೋಗುವ ಮನೆಯಲ್ಲಿ ಒಲೆ ಆರದಿರಲಿ. ನಿನ್ನ ಮಾತಿಗೆ ಎದುರಿಗೇ ನಗುವವರು ಅಲ್ಲಿರಲಿ.

ನಿನ್ನ ಅತ್ತೆ ಎಂದು ಬರೆಯುವ ಹಾಗಿಲ್ಲವಾದ್ದರಿಂದ,
ಒಲಿಂಪಿಯಾ

ಕತ್ಕಾದ ದಾರಿಯಲ್ಲಿ ದಿನವೂ ಹೋಗುವುದು ಎಲ್ಮರನ ವ್ಯಾನೇ. ಇದನ್ನು ಅವನ ಕೈಯಲ್ಲಿ ಕಳಿಸಲಾರೆ. ಭಾನುವಾರ ಅವನು ಫುಟ್‌ಬಾಲಿಗೆ ಹೋಗುತ್ತಾನೆ, ಬೇರೆಯವನು ಓಡಿಸುತ್ತಾನೆ. ಅಂದು ಕೊಡುತ್ತೇನೆ, ಜೂನ್ ಹದಿನೈದಕ್ಕೆ.