ಗೋಡೆಯಾಚೆಯ ಏಳರ ಮಗ್ಗಿ

ಗುಬ್ಬಿ ಟೀಚರ್,

ಮಕ್ಕಳು ನಿನ್ನನ್ನು ಹಾಗೆ ಕರೆಯುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೆ ಯಾರೂ ಒಂದು ಅಡ್ಡಹೆಸರನ್ನೂ ಇಡಲಿಲ್ಲ. ನೀನು ಈ ಸ್ಕೂಲು ಬಿಟ್ಟು ಹೋಗಿ ಇಪ್ಪತ್ತೈದು ವರ್ಷವಾದರೂ, ದೇವರ ಮುಂದೆ ಕೂತು ಎಲ್ಲರನ್ನೂ ಕಾಪಾಡಪ್ಪಾ ಎಂದು ಬೇಡುವಾಗ ನಿನ್ನೊಬ್ಬಳ ಹೆಸರನ್ನು ದಾಟಿಕೊಂಡು ಹೋಗುತ್ತೇನೆ. ನಿನ್ನ ವಿಳಾಸ ಗೊತ್ತಿದೆ. ಇದನ್ನು ಕಳಿಸುವ ಧೈರ್ಯ ಮಾತ್ರ ನನಗಿಲ್ಲ.

ಇವತ್ತು ಮೂರನೇ ತರಗತಿಯಲ್ಲಿ ಏಳರ ಮಗ್ಗಿ ಕೇಳಿದೆ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತು, ಬೆಂಚಿನ ಮೇಲೆ ತಾಳ ಹಾಕುತ್ತಾ ಹಾಡತೊಡಗಿದಳು. ನೀನು ಕಟ್ಟಿದ ಹಾಡು, ಅದೇ ಧಾಟಿ.

"ಯಾರೇ ಹೇಳಿಕೊಟ್ಟಿದ್ದು?" ಎಂದು ಗದರಿದೆ.

"ಅಮ್ಮ. ಅವಳೂ ಇದೇ ಸ್ಕೂಲು, ಟೀಚರ್."

"ಪಕ್ಕದ ರೂಮಲ್ಲಿ, ಗುಬ್ಬಿ ಟೀಚರ್ ಹತ್ರ ಓದಿದ್ಲಾ?"

"ಇಲ್ಲ, ನಿಮ್ಮ ರೂಮಲ್ಲೇ. ನೀವು ಬೋರ್ಡ್ ಮೇಲೆ ಬರೀತಿದ್ರೆ, ಅಮ್ಮನ ಕ್ಲಾಸಿನವರೆಲ್ಲ ಗೋಡೆಗೆ ಕಿವಿ ಕೊಟ್ಟು ಕೂತಿರ್ತಿದ್ರಂತೆ!"

ತರಗತಿಗೆ ತರಗತಿಯೇ ನಕ್ಕಿತು.

ಪಾಠದ ಹೊತ್ತಿನಲ್ಲಿ ಹಾಡು, ಚಿತ್ರ, ಗದ್ದಲ ಎಂದು ಹೆಡ್‌ಮಾಸ್ಟರಿಗೆ ದೂರು ಬರೆದವಳು ಯಾರೆಂದು ನೀನು ಕೊನೆಗೂ ಕೇಳಲಿಲ್ಲ. ವರ್ಗವಾಗಿ ಹೊರಟ ದಿನ ಬಣ್ಣದ ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕೈಗೇ ಕೊಟ್ಟೆ. ಅದು ಬೀರುವಿನಲ್ಲಿ ಹಾಗೇ ಇದೆ, ಒಂದು ಕಡ್ಡಿಯೂ ಸವೆದಿಲ್ಲ.

ಏಳೇಳಲಿ ಎನ್ನುವಲ್ಲಿ ಹುಡುಗಿ ತಡವರಿಸಿದಳು. ಮುಂದಿನ ಸಾಲನ್ನು ನಾನೇ ಹಾಡಿಕೊಟ್ಟೆ.

"ಅಯ್ಯೋ, ನಿಮಗೂ ಬರತ್ತಾ ಟೀಚರ್?"

ಬರುತ್ತದೆ ಕಣೇ. ಎಪ್ಪತ್ತರವರೆಗೂ ಬರುತ್ತದೆ.