ಬಾನೆಟ್ಟಿನ ಮೇಲಿನ ಗುಳಿಗಳು

ಶೆಡ್ಡಿನ ಹಿಂದಿನ ಕೋಣೆ,
ಬುಧವಾರ, ಮಧ್ಯಾಹ್ನ

ನನ್ನ ಮೊಂಡು ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಮಾತ್ರೆ ನುಂಗುತ್ತಿದ್ದೀರೋ, ಇಲ್ಲ ನಿಮ್ಮ ಅಕ್ಕನ ಕಣ್ಣು ತಪ್ಪಿಸಿ ಕಿಟಕಿಯಾಚೆ ಎಸೆಯುತ್ತಿದ್ದೀರೋ? ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನಿಮಗೆ ಉಬ್ಬಸ ಬರುತ್ತದೆ, ಇಲ್ಲಿ ಮಾವನವರ ಕಿವಿ ಗೋಡೆಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಈ ಕಾಗದ. ನೀವು ಅಕ್ಕನ ಅಂಗಡಿ ನೋಡಿಕೊಳ್ಳಲು ಹೋಗಿದ್ದೀರಿ ಎಂದೇ ಅವರಿಗೆ ಹೇಳಿಕೊಂಡು ಬರುತ್ತಿದ್ದೇನೆ. ಪೇಂಟಿನ ಹೊಗೆ ನಿಮ್ಮ ಎದೆ ಹಾಳುಮಾಡಿದೆ, ಇನ್ನು ಸ್ಪ್ರೇ ಗನ್ ಮುಟ್ಟಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದನ್ನು ಬಾಯಿಬಿಟ್ಟಿಲ್ಲ. ಮಗನ ಕೈಗೆ ಗನ್ ಕೊಟ್ಟವನು ನಾನೇ ಎಂದು ಅಪ್ಪ ಕೊರಗುತ್ತಾರೆ ಅಂತ ನೀವೇ ತಾನೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದು?

ಈಗ ಇಲ್ಲಿನ ಸಮಾಚಾರ. ಬಣ್ಣಕ್ಕೆ ಬಂದಿರುವ ಟೀಚರಮ್ಮನ ಕಪ್ಪು ಕಾರು ನನ್ನ ತಲೆ ತಿನ್ನುತ್ತಿದೆ. ಮೊದಲ ದಿನ ಗನ್ ತೀರಾ ಹತ್ತಿರ ಹಿಡಿದೆ, ಡೋರಿನ ಮೇಲೆ ಬಣ್ಣ ಗೊಳೋ ಎಂದು ಅತ್ತ ಹಾಗೆ ಸೋರಿತು. ಉಜ್ಜಿ ತೆಗೆದು ದೂರ ಹಿಡಿದೆ, ಕಿತ್ತಳೆ ಸಿಪ್ಪೆಯಂತೆ ತರಿತರಿಯಾಯಿತು. ಹತ್ತಿರ ಹಿಡಿ ಎಂದವರೂ ನೀವೇ, ದೂರ ಹಿಡಿ ಎಂದವರೂ ನೀವೇ! ಕೊನೆಗೆ ಅಂತರ ಕೈಗೆ ಹತ್ತಿತು, ಡೋರುಗಳು ಕನ್ನಡಿಯಾದವು. ಅಷ್ಟರಲ್ಲಿ ಬಾನೆಟ್ಟು ಕೈಕೊಟ್ಟಿತು. ಬಣ್ಣ ಬೀಳುತ್ತಿದ್ದಂತೆಯೇ ಅಲ್ಲಲ್ಲಿ ಹಿಂದೆ ಸರಿದು, ಸಣ್ಣ ಸಣ್ಣ ಗುಳಿಗಳು, ನೀವು ಮೀನಿನ ಕಣ್ಣು ಎನ್ನುತ್ತೀರಲ್ಲ, ಅವು. ಕಂಪ್ರೆಸರಿನ ನೀರು ಬಸಿದೆ, ಫಿಲ್ಟರ್ ಬದಲಿಸಿದೆ, ಹೊಸ ಥಿನ್ನರ್ ತಂದೆ. ಧೂಳು ಏಳದಿರಲೆಂದು ನೆಲಕ್ಕೆ ನೀರು ಹೊಡೆದು, ತಲೆಗೆ ಬಟ್ಟೆ ಕಟ್ಟಿಕೊಂಡು, ಮತ್ತೆ ಉಜ್ಜಿ ಮತ್ತೆ ಹೊಡೆದೆ. ಮತ್ತೆ ಅವೇ ಕಣ್ಣುಗಳು ನನ್ನನ್ನೇ ಪಿಳಿಪಿಳಿ ನೋಡಿದವು. ಸಿಟ್ಟಿಗೆ ಬಕೆಟ್ ಒದ್ದು ಕಾಲ್ಬೆರಳು ಊದಿಸಿಕೊಂಡಿದ್ದೇನೆ. ಈ ಕಾರು ಸರಿಹೋಗದಿದ್ದರೆ ನೀವು ಮುಂದಿನ ಬಸ್ಸನ್ನೇ ಹತ್ತಿ ಬಂದು ಗನ್ ಹಿಡಿಯುತ್ತೀರಿ. ಆ ಭಯಕ್ಕೇ ನನಗೆ ನಿದ್ದೆ ಹತ್ತುತ್ತಿಲ್ಲ.

ಇವತ್ತು ಬೆಳಿಗ್ಗೆ ಕಳ್ಳ ಸಿಕ್ಕಿಬಿದ್ದ. ಥಿನ್ನರಿನಿಂದ ಬಾನೆಟ್ಟು ಒರೆಸಿ, ಕೈಗವಸು ತರಲು ಒಳಗೆ ಹೋಗಿ ಬರುತ್ತೇನೆ, ನಿಮ್ಮ ಅಪ್ಪ ಟೈರಿಗೆ ಹಚ್ಚುವ ಪಾಲಿಶ್ ಬಟ್ಟೆಯಿಂದ ಅದನ್ನು ಮಗುವಿನ ಬೆನ್ನು ನೇವರಿಸಿದಂತೆ ಒರೆಸುತ್ತಿದ್ದಾರೆ! "ಧೂಳು ಕೂತಿತ್ತು ಕಣಮ್ಮ" ಅಂದರು. ಅಲ್ಲ, ತಲೆಗೆ ಎಣ್ಣೆ ಹಚ್ಚಿದವರನ್ನು ಶೆಡ್ಡಿನ ಬಾಗಿಲಿನಿಂದಲೇ ಓಡಿಸುತ್ತಿದ್ದ ಮನುಷ್ಯ ಇವರು. ಬಾನೆಟ್ಟಿಗೆ ಬೆರಳು ತಾಗಿಸಿದ್ದಕ್ಕೆ ನಿಮ್ಮ ಮಂಡಿಗೆ ಸ್ಪ್ಯಾನರಿನಿಂದ ಬಾರಿಸಿದವರು. ಎಣ್ಣೆ, ಪಾಲಿಶ್ ಸೋಂಕಿದ ಕಡೆ ಬಣ್ಣ ನಿಲ್ಲುವುದಿಲ್ಲ ಎಂಬುದನ್ನೂ ಮರೆತರೇ? ಹಿರಿಯರ ಮೇಲೆ ರೇಗುವಂತಿಲ್ಲ, ರೇಗದೆ ಇರಲೂ ಆಗುವುದಿಲ್ಲ. ಬಟ್ಟೆ ಕಿತ್ತುಕೊಂಡು, ಅವರನ್ನು ವೆರಾಂಡದ ಕುರ್ಚಿಯಲ್ಲಿ ಕೂರಿಸಿ, ಶೆಡ್ಡಿಗೆ ಚಿಲಕ ಹಾಕಿದ್ದೇನೆ. ವಯಸ್ಸಾಯಿತು, ಮರೆವು ಶುರುವಾಗಿದೆಯೋ ಏನೋ.

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಸಂಜೆ ತಣ್ಣನೆ ಗಾಳಿಗೆ ಹೊರಗೆ ಕೂರಬೇಡಿ. ಬಿಸಿನೀರೇ ಕುಡಿಯಿರಿ, ಹಟ ಮಾಡಬೇಡಿ.

ಇಂತಿ ನಿಮ್ಮವಳು,
ಊದಿದ ಕಾಲ್ಬೆರಳಿನ ಪೇಂಟರ್

ತಡೆಯಿರಿ, ಕವರು ಅಂಟಿಸುವ ಮೊದಲು ಇದೊಂದು. ಊಟಕ್ಕೆ ಕರೆಯಲು ಹೋದವಳು ಮಾವನವರನ್ನು ಕೇಳಿಯೇಬಿಟ್ಟೆ. ಮರೆವೂ ಇಲ್ಲ, ಮಣ್ಣೂ ಇಲ್ಲ, ಗೊತ್ತಿದ್ದೇ ಒರೆಸಿದ್ದಂತೆ. "ಕಾರು ಕೆಟ್ಟರೆ ಅವನೇ ಓಡಿ ಬರ್ತಾನೆ ಅಂದ್ಕೊಂಡೆ. ನನ್ನ ಮೇಲೆ ಮುನಿಸ್ಕೊಂಡು ಹೋಗಿದಾನೆ ಅಲ್ವೇನಮ್ಮಾ? ನಾನು ಅಂಥದ್ದೇನಂದೆ ಅವನಿಗೆ?" ಅಂದರು. ನಿಮ್ಮ ಆಣೆಗೆ ಕಟ್ಟುಬಿದ್ದು, ಅನ್ನ ಆರುತ್ತದೆ ಬನ್ನಿ ಎಂದಷ್ಟೇ ಹೇಳಿ ಒಳಗೆ ಬಂದೆ. ಬಾನೆಟ್ಟನ್ನು ಎಷ್ಟು ಸಲ ಬೇಕಾದರೂ ಉಜ್ಜಿ ಹೊಡೆಯುತ್ತೇನೆ ರೀ, ಇದು ನನ್ನ ಕೈಲಾಗದು. ಭಾನುವಾರ ಬಂದು, ಅವರ ಪಕ್ಕ ಕೂತು, ನಿಮ್ಮ ಎದೆಯ ವಿಷಯ ನೀವೇ ಹೇಳಿ. ಕೊರಗಿದರೆ ಕೊರಗಲಿ, ಮೂವರೂ ಕೂತು ಕೊರಗೋಣ. ಮಗ ಬಿಟ್ಟುಹೋದ ಅಂದುಕೊಂಡು ಅವರೊಬ್ಬರೇ ಆ ಕುರ್ಚಿಯಲ್ಲಿ ಕೂತಿರುವುದನ್ನು ನನಗೆ ನೋಡಲಾಗುತ್ತಿಲ್ಲ.