ಹಾವಿಯೆರ್ ಕೋಟೆಗೆ ಒಂದು ವರ್ಷ ತಡವಾಗಿ

ಮಾನ್ಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರೇ,

ನನ್ನ ಹೆಂಡತಿ ಫೆಲ್ಸಿಗೆ ಕಣ್ಣು ಕಾಣುತ್ತಿದ್ದಾಗ ನೀವು ಒಂದು ಸರಿಯಾದ ಕಾಗದ ಕೊಡಲಿಲ್ಲ. ಕೊಟ್ಟಾಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದನ್ನು ವಿವರಣೆ ಎಂದು ಓದಿಕೊಳ್ಳಬಹುದು, ಇಲ್ಲವೇ ನಿಮ್ಮ ಪದ್ಧತಿಯಂತೆ ಮೇಜಿನ ಎಡಗಡೆಯ ಟ್ರೇಗೆ ಹಾಕಿ ಮರೆಯಬಹುದು. ಆದರೆ ಈ ಸಲದ ಪತ್ರ ನಿಮಗೊಬ್ಬರಿಗೇ ಬಂದಿಲ್ಲ. ನಮ್ಮ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ ಕುವೈತಿನಲ್ಲಿ ಮಂಗಫ್‌ನಿಂದ ರಿಗ್ಗೈವರೆಗೆ ಕನ್ನಡ ಓದುವ ಮನೆಗಳಿಗೆಲ್ಲ ಹೋಗುತ್ತಿದೆ. ಇಂಗ್ಲಿಷಿನಲ್ಲಿ ಬರೆದ ಐದು ಅರ್ಜಿಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ನೀವೂ ನಮ್ಮ ಕರಾವಳಿಯವರೇ, ಕನ್ನಡದಲ್ಲಿ ಬರೆದರೆ ತಾಗೀತೋ ಏನೋ ಎಂದು ಬರೆಯುತ್ತಿದ್ದೇನೆ.

ಓದುಗರಿಗಾಗಿ ನನ್ನ ಪರಿಚಯ. ನಾನು ಜೋಕಿಮ್. ಇಪ್ಪತ್ತನಾಲ್ಕು ವರ್ಷಗಳಿಂದ ನಿಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಫೆಲ್ಸಿ ಹದಿನೆಂಟು ವರ್ಷ ಒಂದು ಕ್ಲಿನಿಕ್ಕಿನ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು. ಯಾರ್‍ಯಾರದೋ ರಕ್ತ, ಯಾರ್‍ಯಾರದೋ ಕಫ ನೋಡಿ ನೋಡಿ, ಲೋಕದಲ್ಲಿ ತನಗಾಗಿ ನೋಡಬೇಕೆಂದು ಅವಳು ಆಸೆಪಟ್ಟದ್ದು ಒಂದೇ ಜಾಗ. ಸ್ಪೇನ್ ದೇಶದ ಉತ್ತರದಲ್ಲಿ ನವಾರ್ರಾ ಎಂಬ ಪ್ರಾಂತ್ಯವಿದೆ. ಅಲ್ಲಿಯ ಹಾವಿಯೆರ್ ಎಂಬ ಹಳ್ಳಿಯ ಕೋಟೆಮನೆಯಲ್ಲಿ ಹುಟ್ಟಿದವನೇ ಸಂತ ಫ್ರಾನ್ಸಿಸ್ ಕ್ಸೇವಿಯರ್. ಫೆಲ್ಸಿ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅಜ್ಜಿಯ ಕೈ ಹಿಡಿದು ಗೋವಾದಲ್ಲಿ ಅರ್ಧ ದಿನ ಸಾಲು ನಿಂತು ಗಾಜಿನ ಪೆಟ್ಟಿಗೆಯಲ್ಲಿ ಕಾಪಿಟ್ಟ ಅವನ ದೇಹದ ಪಾದ ನೋಡಿ ಬಂದವಳು. ನಾವೆಲ್ಲ ಅವನನ್ನು ಸತ್ತ ಮೇಲೆಯೇ ನೋಡುವುದು, ಅವನು ಅಂಬೆಗಾಲಿಟ್ಟ ಮನೆ ಹೇಗಿದೆ ಎಂದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಮದುವೆಯಾದ ಹೊಸತರಲ್ಲೇ ನನ್ನ ತಲೆ ತಿಂದಿದ್ದಳು.

ಆ ಕೋಟೆಯ ಪ್ರಾರ್ಥನಾಲಯದಲ್ಲಿ ಆಕ್ರೋಡು ಮರದಲ್ಲಿ ಕೆತ್ತಿದ ಒಂದು ಶಿಲುಬೆಯಿದೆ. ಸುತ್ತಲಿನ ಗೋಡೆಯ ಮೇಲೆ ಅಸ್ಥಿಪಂಜರಗಳು ಕುಣಿಯುವ ಹಳೆಯ ಚಿತ್ರ. ನಡುವೆ ಮೊಳೆ ಹೊಡೆಸಿಕೊಂಡ ಯೇಸು ನಗುತ್ತಿದ್ದಾನೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದರ ಮೇಲೆ ಎಷ್ಟು ಜಗಳವಾಗಿದೆಯೋ ಲೆಕ್ಕವಿಲ್ಲ. ಒಂದು ಫೋಟೋದಲ್ಲಿ ನಕ್ಕಂತೆ ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. ಮೊಳೆ ಹೊಡೆಸಿಕೊಂಡವನು ಯಾರು ನಗುತ್ತಾನೆ, ಅದು ನೋವಿಗೆ ಬಾಯಿ ತೆರೆದದ್ದು ಎಂದು ನನ್ನ ವಾದ. ಸಾಯುವವರ ಮುಖ ನಾನು ಕ್ಲಿನಿಕ್ಕಿನಲ್ಲಿ ನೋಡಿದ್ದೇನೆ, ಕೆಲವರು ನಗುತ್ತಾರೆ ಎಂದು ಅವಳದು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ ಹೇಳುತ್ತಿದ್ದಳು, "ಸ್ಲೈಡಿನ ಫೋಟೋ ನೋಡಿ ಯಾರಾದ್ರೂ ರಿಪೋರ್ಟ್ ಬರೀತಾರಾ? ಸ್ಲೈಡ್ ನೋಡ್ಬೇಕು." ಹೋಗೋಣ, ಹೋಗೋಣ ಎಂದೇ ವರ್ಷಗಳು ಹೋದವು. ಗಲ್ಫಿನಲ್ಲಿ ರಜೆ ಎಂದರೆ ಊರು ತಾನೇ? ಮನೆಗೆ ಬಣ್ಣ, ತಂಗಿಯ ಮದುವೆಯ ರೋಸ್, ಯಾರದೋ ಮನೆಯ ಬ್ಯಾಪ್ಟಿಸಮ್. ಕಂಪನಿ ಕೊಡುವ ಟಿಕೆಟ್ಟೂ ಮಂಗಳೂರಿಗೇ. ನೋಡಲಿಕ್ಕೆಂದು ಒಂದು ಕಡೆ ಹೋಗುವುದು ನಮ್ಮಂಥವರಿಗೆ ಹೇಳಿದ್ದಲ್ಲ ಎಂದು ನಾನೂ ನಂಬಿಕೊಂಡಿದ್ದೆ.

ಎರಡು ವರ್ಷದ ಹಿಂದೆ ಫೆಲ್ಸಿ ಲ್ಯಾಬ್‌ನಲ್ಲಿ ಒಂದೇ ದಿನ ಮೂರು ರಿಪೋರ್ಟು ತಪ್ಪು ಬರೆದಳು. ಕಣ್ಣಿನ ನರ ಒಣಗುವ ಕಾಯಿಲೆ, ಗ್ಲಾಕೋಮಾ. ಎಡಗಣ್ಣು ಆಗಲೇ ಹೋಗಿತ್ತು, ಬಲಗಣ್ಣಿನಲ್ಲಿ ಕೀಲಿಕೈ ತೂತಿನಷ್ಟು ನೋಟ ಉಳಿದಿತ್ತು. ಒಂದು ವರ್ಷ ಸಿಕ್ಕರೂ ಸಿಕ್ಕೀತು, ನೋಡಬೇಕೆಂದಿರುವುದನ್ನು ನೋಡಿಬಿಡಿ ಎಂದು ಡಾಕ್ಟರು ಹೇಳಿದರು. ಅದನ್ನು ಕಾಗದದಲ್ಲಿ ಬರೆದೂ ಕೊಟ್ಟರು. ಆ ಕಾಗದ ಹಿಡಿದುಕೊಂಡೇ ನಾನು ನಿಮ್ಮ ಕೋಣೆಗೆ ಬಂದದ್ದು. ನಾನು ಕೇಳಿದ್ದು ವೀಸಾ ಅರ್ಜಿಗೆ ಬೇಕಾದ ಒಂದು ಪುಟ. ಇವನು ನಮ್ಮಲ್ಲಿ ಈ ಕೆಲಸದಲ್ಲಿದ್ದಾನೆ, ಹತ್ತು ದಿನದ ರಜೆ ಕೊಟ್ಟಿದ್ದೇವೆ, ಮರಳಿ ಬರುತ್ತಾನೆ.

ನೀವು ಡಾಕ್ಟರ ಕಾಗದವನ್ನು ಮಡಿಚಿದಂತೆಯೇ ಬದಿಗಿಟ್ಟು ನನ್ನ ಪ್ರವಾಸದ ಪಟ್ಟಿ ಓದಿದಿರಿ. ಆಮೇಲೆ ಹೇಳಿದಿರಿ, "ಅಲ್ಲ ಜೋಕಿಮರೇ, ಸ್ಪೇನಿಗೆ ಹೋಗುವವರು ಬಾರ್ಸಿಲೋನಾ ನೋಡ್ತಾರೆ. ಈ ಹಳ್ಳಿಯಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಎಂತ ಉಂಟು? ಈಗ ಹೇಳುತ್ತೇನೆ ಕೇಳಿ. ಆ ಹಳ್ಳಿಯ ಹತ್ತಿರದಲ್ಲೇ ಸಾಂಗ್ವೆಸಾ ಎಂಬ ಊರಿನ ಚರ್ಚಿನ ಬಾಗಿಲ ಮೇಲೆ ಎಂಟುನೂರು ವರ್ಷದಿಂದ ನಿಂತಿರುವ ಕಲ್ಲಿನ ಜನ ಉಂಟು. ಲೇಯ್ರೆಯ ಮಠದ ನೆಲಮಾಳಿಗೆಯಲ್ಲಿ ಒಂದರಷ್ಟು ಇನ್ನೊಂದು ಎತ್ತರವಿಲ್ಲದ, ಮೊಣಕಾಲಿನ ಮಟ್ಟಕ್ಕೇ ಮುಗಿಯುವ ಕಂಬಗಳು ಉಂಟು. ಲುಂಬಿಯೆರ್‌ನ ಕಮರಿಯಲ್ಲಿ ಬಂಡೆಯ ಸಂದಿಗಳಲ್ಲಿ ಗೂಡು ಕಟ್ಟುವ ರಣಹದ್ದುಗಳು ಉಂಟು. ಉಹುವೆ ಎಂಬ ಗುಡ್ಡದ ತುದಿಯ ಹಳ್ಳಿಯಲ್ಲಿ ಬಾದಾಮಿಗೆ ಸಕ್ಕರೆ ಪಾಕ ಹಿಡಿಸಿ ಮಾರುವವರು ಉಂಟು. ಇದೆಲ್ಲ ಫೆಲ್ಸಿ ವರ್ಷಗಟ್ಟಲೆ ಓದಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು. ಅಷ್ಟಕ್ಕೂ, ಪ್ರತಿವರ್ಷ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಿಂತು ಆಫೀಸಿನ ಗ್ರೂಪಿಗೆ ಫೋಟೋ ಹಾಕುವ ನಿಮ್ಮನ್ನು ಅಲ್ಲಿ ಎಂತ ಉಂಟು ಎಂದು ಯಾರಾದರೂ ಕೇಳಿದ್ದಾರಾ? ನೋಡುವ ಆಸೆಗೂ ಸಂಬಳದ ದರ್ಜೆ ಇದೆಯೇ ಸ್ವಾಮೀ?

ಎರಡು ತಿಂಗಳು ಕಳೆದು ಕಾಗದ ಕೊಟ್ಟಿರಿ. ಅದರಲ್ಲಿ ನನ್ನ ಕೆಲಸ 'ಬಡಗಿ' ಎಂದಿತ್ತು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಕುವೈತಿಗೆ ಬಂದದ್ದು ಬಡಗಿ ವೀಸಾದಲ್ಲಿ. ಉಳಿ ಹಿಡಿದವನಲ್ಲ, ಏಜೆಂಟನ ಕೈಯಲ್ಲಿ ಇದ್ದದ್ದು ಆ ವೀಸಾ. ಸ್ಟೋರಿಗೆ ಹಾಕಿದಿರಿ, ಬಡ್ತಿ ಕೊಟ್ಟಿರಿ, ಇಲ್ಲಿ ವಾಸಕ್ಕೆ ಸರ್ಕಾರ ಕೊಡುವ ಪರವಾನಗಿ, ಇಕಾಮಾದಲ್ಲಿ ಮಾತ್ರ ಬಡಗಿಯಾಗಿಯೇ ಉಳಿದೆ. ಪ್ರತಿಸಲ ಇಕಾಮಾ ನವೀಕರಿಸುವಾಗ ಬದಲಾಯಿಸೋಣ ಎಂದುಕೊಳ್ಳುವುದು, ಓಡಾಟ ಯಾರಿಗೆ ಬೇಕು, ಕೆಲಸ ಒಂದು ಇದೆಯಲ್ಲ ಎಂದು ಬಿಡುವುದು. ನಮ್ಮ ಸ್ಟೋರಿನಲ್ಲೇ ಲೆಕ್ಕ ಬರೆಯುವ ಮೋನಪ್ಪಣ್ಣ ಇಕಾಮಾದಲ್ಲಿ ಕುರಿ ಕಾಯುವವರು. ಇದನ್ನು ಹೇಳಿಕೊಂಡು ನಾವು ಎಷ್ಟು ನಕ್ಕಿದ್ದೇವೆ! ಆ ನಗುವಿಗೆ ಹೀಗೆ ಬೆಲೆ ತೆರಬೇಕಾದೀತೆಂದು ಗೊತ್ತಿರಲಿಲ್ಲ.

ಸ್ಟೋರ್ ಇನ್‌ಚಾರ್ಜ್ ಎಂದು ಬರೆದುಕೊಡಿ ಎಂದು ಅಂಗಲಾಚಿದೆ. ಇಕಾಮಾದಲ್ಲಿ ಇರುವುದಕ್ಕಿಂತ ಬೇರೆ ಕೆಲಸ ಮಾಡಿಸುತ್ತೇವೆಂದು ಕಂಪನಿ ತಾನಾಗಿ ಬರೆದುಕೊಟ್ಟರೆ ನಾಳೆ ತಪಾಸಣೆಗೆ ಬಂದವರು ಯಾರ ಕುತ್ತಿಗೆ ಹಿಡಿಯುತ್ತಾರೆ ಎಂದು ಕೇಳಿದಿರಿ. ನಿಮ್ಮ ಭಯ ಸುಳ್ಳಲ್ಲ. ಆದರೆ ಇಪ್ಪತ್ತನಾಲ್ಕು ವರ್ಷ ಬಡಗಿಯಿಂದ ಸ್ಟೋರ್ ನಡೆಸುವಾಗ ಇಲ್ಲದ ಭಯ, ಅವನ ಹೆಂಡತಿಗೆ ಒಂದು ಪುಟ ಬರೆಯುವಾಗ ಎಲ್ಲಿಂದ ಬಂತು? ಅರ್ಜಿ ತಿರಸ್ಕೃತವಾಯಿತು. ಬ್ಯಾಂಕಿಗೆ ಬರುವ ಸಂಬಳ ಒಂದು ಹೇಳುತ್ತದೆ, ಕಂಪನಿಯ ಕಾಗದ ಇನ್ನೊಂದು ಹೇಳುತ್ತದೆ, ಯಾರು ತಾನೇ ನಂಬುತ್ತಾರೆ? ವೀಸಾದವರನ್ನು ನಾನು ದೂರುವುದಿಲ್ಲ. ನೀವು ಕೊಟ್ಟ ಕಾಗದವನ್ನು ಅವರು ಓದಿದರು, ಅಷ್ಟೇ.

ಆಮೇಲೆ ಇಕಾಮಾ ತಿದ್ದಿಸುವ ಕತೆ. ಸರ್ಕಾರಿ ಕಚೇರಿಗಳಿಗೆ ಓಡಾಡುವ ಕಂಪನಿಯ ಮಂದೂಬ್ ಪ್ರತಿ ಭಾನುವಾರ "ಬುಕ್ರಾ", ನಾಳೆ, ಎನ್ನುತ್ತಿದ್ದ. ನಿಮ್ಮ ಒಂದು ಸಹಿಗಾಗಿ ಫೈಲು ನಾಲ್ಕು ತಿಂಗಳು ನಿಮ್ಮ ಕೋಣೆಯಲ್ಲೇ ಇತ್ತೆಂದು ಆಮೇಲೆ ಅವನೇ ಹೇಳಿದ. ನಾಲ್ಕು ತಿಂಗಳೆಂದರೆ ನಮ್ಮ ಮನೆಯಲ್ಲಿ ಏನು ಗೊತ್ತೇ? ಮೊದಲ ತಿಂಗಳು ಫೆಲ್ಸಿ ಮೀನಿನ ಮುಳ್ಳು ಬಿಡಿಸುವುದನ್ನು ಬಿಟ್ಟಳು. ಮತ್ತೆ ಟಿವಿಯ ಹತ್ತಿರ ಹತ್ತಿರ ಕುರ್ಚಿ ಎಳೆದುಕೊಂಡಳು. ಒಂದು ದಿನ ಕುರ್ಚಿಯನ್ನು ವಾಪಸು ಗೋಡೆಗೆ ಸರಿಸಿ, ಕೇಳಿದರೆ ಸಾಕು ಎಂದಳು. ಇಕಾಮಾ ತಿದ್ದಿ, ಸರಿಯಾದ ಕಾಗದ ಸಿಕ್ಕಿ, ವೀಸಾ ಬಂದದ್ದು ಕಳೆದ ಮಾರ್ಚಿನಲ್ಲಿ. ಅಷ್ಟರಲ್ಲಿ ಅವಳಿಗೆ ಉಳಿದದ್ದು ಹಗಲು ರಾತ್ರಿಯ ಗುರುತು ಮಾತ್ರ.

ಹೋಗುವುದು ಬೇಡ ಎಂದೆ. ಅವಳು ಕೇಳಲಿಲ್ಲ. ಹತ್ತು ದಿನವೂ ನಾನು ಅವಳ ಕಣ್ಣಾಗಲು ನೋಡಿದೆ. ಸ್ಟೋರಿನ ಮನುಷ್ಯನಿಗೆ ವರ್ಣಿಸಲು ಎಲ್ಲಿ ಬರುತ್ತದೆ? ಕಲ್ಲು ಹಳದಿ ಇದೆ, ಆಕಾಶ ನೀಲಿ ಇದೆ, ಹದ್ದು ಹನ್ನೆರಡು ಇದೆ. ದಾಸ್ತಾನು ಓದಿದ ಹಾಗೆ ಓದುತ್ತೀರಿ ಎಂದು ನಕ್ಕಳು. ಲುಂಬಿಯೆರ್‌ನ ದಾರಿಯಲ್ಲಿ ಹಳೆಯ ರೈಲಿನ ಸುರಂಗ ಬಂತು. ಒಳಗೆ ದೀಪವಿಲ್ಲ, ನನ್ನ ಮೊಬೈಲಿನ ಬ್ಯಾಟರಿ ಮುಗಿದಿತ್ತು. ನಾನು ತಡವರಿಸಿ ನಿಂತೆ. ಅವಳೇ ನನ್ನ ಕೈ ಹಿಡಿದು, ಕೋಲು ತಟ್ಟುತ್ತ, ನನಗೆ ಅಭ್ಯಾಸ ಉಂಟು ಬನ್ನಿ ಎಂದು ಆಚೆ ದಾಟಿಸಿದಳು. ಹೊರಗೆ ಬಿಸಿಲು ಬಿದ್ದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳಿಗೆ ಕಾಣದಿದ್ದರೂ ಗೊತ್ತಾಯಿತು.

ಕೊನೆಗೆ ಹಾವಿಯೆರ್. ಆ ಪುಟ್ಟ ಪ್ರಾರ್ಥನಾಲಯದಲ್ಲಿ ನಾವಿಬ್ಬರೇ ಇದ್ದೆವು. ಅವಳು ಮುಖ ಎತ್ತಿ ನಿಂತಳು, ಶಿಲುಬೆ ಇರುವ ಕಡೆಗಲ್ಲ, ಸ್ವಲ್ಪ ಎಡಕ್ಕೆ. ನಾನು ಭುಜ ಹಿಡಿದು ತಿರುಗಿಸಿದೆ. "ಈಗ ಹೇಳಿ, ನಗ್ತಾನಾ?" ಎಂದಳು. ನಾನು ತಲೆ ಎತ್ತಿದೆ. ಕಣ್ಣ ತುಂಬ ನೀರು. ಶಿಲುಬೆಯೂ ಗೋಡೆಯೂ ಒಂದಾಗಿ ಕಲಸಿಹೋಗಿ, ನನಗೇನೂ ಕಾಣಲಿಲ್ಲ. ಹೌದು, ನಗ್ತಾನೆ ಎಂದೆ. ಕಣ್ಣೊರೆಸಿಕೊಂಡು ಮತ್ತೆ ನೋಡಬಹುದಿತ್ತು. ನೋಡಲಿಲ್ಲ. ನಗು ಇರದಿದ್ದರೆ ಏನು ಹೇಳಲಿ ಎಂದು ಹೆದರಿದೆ.

ಅವಳು ನಂಬಲಿಲ್ಲ. ಮೂವತ್ತು ವರ್ಷ ಅದು ನಗುವೇ ಅಲ್ಲ ಎಂದು ವಾದಿಸಿದ ಗಂಡ ಒಂದೇ ಕ್ಷಣದಲ್ಲಿ ಒಪ್ಪಿಕೊಂಡರೆ ಯಾವ ಹೆಂಗಸು ನಂಬುತ್ತಾಳೆ? ಅಲ್ಲಿಯವರನ್ನು ಕೇಳಿದರೆ ನಗು ಎಂದೇ ಹೇಳುತ್ತಾರೆ, ಅದು ಅವರ ಕೆಲಸ. ವಿಮಾನದಲ್ಲಿ ಬರುವಾಗ ನನ್ನ ಕೈ ಸವರಿ ಹೇಳಿದಳು, "ನೀವು ನನ್ನ ಬೇಜಾರು ನೋಡ್ಲಿಕ್ಕಾಗದೆ ಹೇಳಿದ್ದು. ನನ್ನ ಮೇಲೆ ಪ್ರೀತಿ ಇಲ್ಲದವರು ಯಾರಾದ್ರೂ ನೋಡಿ ಹೇಳ್ಬೇಕಿತ್ತು."

ಮಾನ್ಯರೇ, ನನ್ನ ಬೇಡಿಕೆಗಳು ಎರಡು. ಕಂಪನಿಯಲ್ಲಿ ಯಾರ ಕೆಲಸ ಒಂದು, ಇಕಾಮಾ ಇನ್ನೊಂದು ಇದೆಯೋ ಅವರೆಲ್ಲರ ಕಾಗದ ಈ ವರ್ಷವೇ ತಿದ್ದಿಸಿ. ಅವರ ಮನೆಯಲ್ಲಿ ಯಾರಿಗೂ ಕಾಯಿಲೆ ಬರುವ ಮುಂಚೆ ತಿದ್ದಿಸಿ. ಎರಡನೆಯದು ನಿಮ್ಮಿಂದ ಮಾತ್ರ ಆಗುವಂಥದ್ದು. ನಿಮ್ಮ ರಜೆಗೆ ಯಾರ ಸಹಿಗೂ ಕಾಯಬೇಕಾಗಿಲ್ಲ. ಒಮ್ಮೆ ಹಾವಿಯೆರ್‌ಗೆ ಹೋಗಿ, ನೀರು ತುಂಬದ ಕಣ್ಣಿನಿಂದ ಆ ಮುಖವನ್ನು ಚೆನ್ನಾಗಿ ನೋಡಿ. ನಂತರ ಮಂಗಫ್‌ನಲ್ಲಿರುವ ನಮ್ಮ ಮನೆಗೆ ಬಂದು, ನಗುತ್ತಾನೋ ಇಲ್ಲವೋ, ಇದ್ದದ್ದು ಇದ್ದ ಹಾಗೆ ನನ್ನ ಹೆಂಡತಿಗೆ ಹೇಳಿ. ನೀವು ಹೇಳಿದರೆ ಅವಳು ನಂಬುತ್ತಾಳೆ.

ಇಂತಿ,
ಹೆಂಡತಿಯ ಮಾತನ್ನು ಬೇಗ ಕೇಳದೆ ಹೋದ,
ಜೋಕಿಮ್
ಮಂಗಫ್, ಕುವೈತ್